ನೋಡಲಾರೆವು ಎಂದವರು

ಬುಧವಾರ, ಮಾರ್ಚ್ ೧೧
ಅಂಗಡಿಯಿಂದ, ಮಧ್ಯಾಹ್ನ ಎರಡೂಕಾಲು

ಮುದ್ದಿನ ಗುಬ್ಬೀ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿಮ್ಮಪ್ಪ ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿಕೊಂಡು, ಅವು ಕೆಟ್ಟ ದಿನ ಹತ್ತು ಮಹಡಿ ಮೆಟ್ಟಿಲು ಹತ್ತಿಕೊಂಡು ಗಟ್ಟಿಮುಟ್ಟಾಗಿದ್ದಾರೆ. ನನ್ನ ಮೊಣಕಾಲು ನೀನು ಹೋದಾಗ ಹೇಗಿತ್ತೋ ಹಾಗೇ ಇದೆ. ಇದನ್ನು ನಿನ್ನ ಮನೆಗೆ ಕಳಿಸದೆ ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಳಿಸುತ್ತಿದ್ದೇನೆ. ಯಾಕೆ ಎಂದು ಕೇಳಿದರೆ, ಹಗಲು ಹೊತ್ತು ನಿಮ್ಮ ಮನೆಯಲ್ಲಿ ಬಾಗಿಲು ತೆಗೆಯುವವರು ಯಾರಿರುತ್ತಾರೆ ಎಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅದು ಅರ್ಧ ನಿಜ. ಉಳಿದರ್ಧ ಮುಂದೆ ಬರುತ್ತದೆ. ಕಥೆಪುಸ್ತಕದ ಕೊನೆಯ ಪುಟ ಮೊದಲು ಓದುವ ನಿನ್ನ ಚಟ ಇಲ್ಲಿ ತೋರಿಸಬೇಡ, ದಯವಿಟ್ಟು ಸಾಲಾಗಿ ಓದು.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಮ್ಮ ಭಾನುವಾರದ ಮಾತು ಎಂಥದೆಂದು ನಿನಗೂ ಗೊತ್ತು. ಊಟ ಆಯ್ತಾ, ಅಲ್ಲಿ ಚಳಿ ಹೇಗಿದೆ, ಸರಿ ಅಪ್ಪನಿಗೆ ಕೊಡು. ಹನ್ನೊಂದು ವರ್ಷದಿಂದ ನೀನು ನನಗೆ ಹವಾಮಾನ ವರದಿ ಓದುತ್ತಿದ್ದೀಯ, ನಾನು ಕೇಳಿಸಿಕೊಳ್ಳುತ್ತಿದ್ದೇನೆ. ತಪ್ಪು ಯಾರದು ಎಂದು ನನಗೆ ಗೊತ್ತಿದೆ, ಅದಕ್ಕೂ ಬರುತ್ತೇನೆ.

ಹೋದ ವಾರ ನಿನ್ನ ಇಮೇಲಿಗೆ ಒಂದು ಆಹ್ವಾನ ಬಂದಿರಬೇಕು. ನಿಮ್ಮ ತಾಯಿ ನಿಮ್ಮನ್ನು ತಮ್ಮ ಕುಟುಂಬಕ್ಕೆ ಸೇರಿಸಿಕೊಂಡಿದ್ದಾರೆ, ಒಪ್ಪಿಗೆಯೇ ಎಂದು. ಹೆತ್ತವಳು ಈಗ ಸೇರಿಸಿಕೊಳ್ಳುವುದೇನು ಬಂತು ಎಂದು ನಕ್ಕು ಅಳಿಸಿರುತ್ತೀಯ. ಅದು ಪಾಸ್‌ವರ್ಡ್ ಮ್ಯಾನೇಜರಿನವರ ಆಹ್ವಾನ ಮಗಳೇ. ನಿನ್ನಮ್ಮ ಪಾಸ್‌ವರ್ಡ್ ಮ್ಯಾನೇಜರ್ ಇಟ್ಟುಕೊಂಡಿದ್ದಾಳೆ. ನಗಬೇಡ.

ಆದದ್ದು ಇಷ್ಟು. ಜನವರಿಯಲ್ಲಿ ಯಾರೋ ಪುಣ್ಯಾತ್ಮರು ನನ್ನ ಅಂಗಡಿಯ ಇಮೇಲಿಗೆ ನುಗ್ಗಿ, ನನ್ನ ಹೆಸರಿನಲ್ಲಿ, ನನ್ನ ಎಲ್ಲ ಗಿರಾಕಿಗಳಿಗೂ ತೂಕ ಇಳಿಸುವ ಮಾತ್ರೆಯ ಜಾಹೀರಾತು ಕಳಿಸಿದರು. ಬಟ್ಟೆ ಸಡಿಲ ಮಾಡಿಕೊಡುವ, ಬಿಗಿ ಮಾಡಿಕೊಡುವ ಅಂಗಡಿಯವಳ ಕಡೆಯಿಂದ ತೂಕ ಇಳಿಸಿ ಎಂದು ಪತ್ರ ಹೋದರೆ ಏನಾಗುತ್ತದೆ ಹೇಳು. ಮಾರನೆಯ ದಿನ ಬೆಳಗ್ಗೆ ಶಾಲೆಯ ಹೆಡ್‌ಮಿಸ್ ಬಂದು ಕೌಂಟರಿನ ಮುಂದೆ ನಿಂತರು. ಹೋದ ತಿಂಗಳು ಸ್ಕರ್ಟು ಸೊಂಟದಲ್ಲಿ ಒಂದು ಇಂಚು ಬಿಡಿ ಅಂತ ಹೇಳಿದ್ದಕ್ಕೆ ಹೀಗಾ ಮಾಡೋದು, ನೇರವಾಗಿ ಮುಖಕ್ಕೆ ಹೇಳಬಾರದಿತ್ತಾ ಅಂದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹಿಂದೆ ಇಸ್ತ್ರಿಯಣ್ಣ ಪ್ಯಾಂಟಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದ. ಪ್ಯಾಂಟು ಸುಟ್ಟಿತು.

ಹೇಗೆ ನುಗ್ಗಿದರು ಎಂದರೆ, ಹದಿನಾರು ವರ್ಷದಿಂದ ನನಗೆ ಇದ್ದದ್ದು ಒಂದೇ ಪಾಸ್‌ವರ್ಡ್. ಹೊಲಿಗೆ ಯಂತ್ರದ ತಳದಲ್ಲಿ ಕೆತ್ತಿದ ನಂಬರು. ಇಮೇಲಿಗೂ ಅದೇ, ಬ್ಯಾಂಕಿಗೂ ಅದೇ, ದಾರ ತರಿಸುವ ಕಂಪನಿಗೂ ಅದೇ, ನೀರಿನ ಬಿಲ್ಲಿಗೂ ಅದೇ. ಎಲ್ಲೋ ಒಂದು ಕಡೆ ಸೋರಿತು, ಎಲ್ಲ ಕಡೆಯೂ ಹೋಯಿತು. ನಿಮ್ಮಪ್ಪನದು ಇನ್ನೂ ಚೆಂದ. ಅವರು ತಮ್ಮ ಪಾಸ್‌ವರ್ಡುಗಳನ್ನೆಲ್ಲ ಕಪಾಟಿನ ಬಾಗಿಲಿನ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರಂತೆ, ಲಿಫ್ಟಿನ ಮೋಟರಿನ ಬಾಗಿಲೊಳಗೆ ರಿಪೇರಿ ತಾರೀಕು ಬರೆಯುವ ಹಾಗೆ. ನನಗೇನು ಗೊತ್ತು? ನಾನು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಚೊಕ್ಕಟವಾಗಿ ಒರೆಸಿದೆ. ಆ ಮನುಷ್ಯ ನನ್ನ ಮೇಲೆ ಕೂಗಾಡಲಿಲ್ಲ. ಒದ್ದೆ ಬಾಗಿಲಿನ ಮುಂದೆ ಟಾರ್ಚು ಹಿಡಿದು ಓರೆ ಬೆಳಕಿನಲ್ಲಿ ಅಕ್ಷರ ಹುಡುಕುತ್ತಾ ಕೂತರು. ಅದನ್ನು ನೋಡಿ ನನಗೆ ಕೂಗಾಡಿದ್ದಕ್ಕಿಂತ ಜಾಸ್ತಿ ಸಂಕಟವಾಯಿತು.

ಅದಕ್ಕೆ ಶನಿವಾರ ಶನಿವಾರ ಲೈಬ್ರರಿಯ ಮೇಡಂ ನಡೆಸುವ ತರಗತಿಗೆ ಹೋಗತೊಡಗಿದೆ. ನಮ್ಮಂಥ ತಲೆ ಬೆಳ್ಳಗಾದವರು ಏಳೆಂಟು ಜನ, ಮಕ್ಕಳ ವಿಭಾಗದ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂರುತ್ತೇವೆ. ಮೇಡಂ ಹೇಳಿದ್ದು ಸರಳ. ಪ್ರತಿಯೊಂದಕ್ಕೂ ಬೇರೆ ಬೇರೆ ಪಾಸ್‌ವರ್ಡು, ಬಾಯಿಪಾಠ ಮಾಡಲಾಗದಷ್ಟು ಉದ್ದದ್ದು. ಅದೆಲ್ಲ ಒಂದು ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಗೆ ಮಾತ್ರ ನೀವು ನೆನಪಿಟ್ಟುಕೊಳ್ಳುವ ಒಂದೇ ಒಂದು ದೊಡ್ಡ ಪಾಸ್‌ವರ್ಡು.

ಇದನ್ನು ಬಂದು ಇಸ್ತ್ರಿಯಣ್ಣನಿಗೆ ಹೇಳಿದರೆ, ಎಲ್ಲಾನೂ ಒಂದೇ ಕಡೆ ತುಂಬಿ ಇಡ್ತೀರಲ್ಲ ಅಕ್ಕಾ, ಹೋದ್ರೆ ಒಟ್ಟಿಗೇ ಹೋಯ್ತಲ್ಲ ಅಂದ. ಅವನ ಮಾತು ನನ್ನ ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಮುಂದಿನ ಶನಿವಾರ ಅದನ್ನೇ ಕೇಳಿದೆ. ಈಗ ನಿಮ್ಮದು ಎಲ್ಲಾ ಕಡೆನೂ ಒಂದೇ ಅಲ್ವಾ, ಅದು ಹೋದ್ರೆ ಏನಾಗುತ್ತೆ ಅಂತ ಆಗಲೇ ನೋಡಿದ್ರಲ್ಲ ಅಂದರು ಮೇಡಂ. ಹೆಡ್‌ಮಿಸ್ ಮುಖ ಕಣ್ಣ ಮುಂದೆ ಬಂತು. ಆದರೂ ಮನಸ್ಸು ನಿಲ್ಲಲಿಲ್ಲ ನೋಡು. ಕಂಪನಿ ಮುಚ್ಚಿಹೋದರೆ? ಅವರ ಹತ್ತಿರವೇ ಕಳ್ಳತನವಾದರೆ? ಅಲ್ಲಿ ಕೆಲಸ ಮಾಡುವವರಲ್ಲೇ ಒಬ್ಬ ಬೇಸರ ಕಳೆಯಲು ನನ್ನ ಪೆಟ್ಟಿಗೆ ತೆಗೆದು ಓದಿದರೆ? ನನ್ನ ಪ್ರಶ್ನೆ ಕೇಳಿ ಕೇಳಿ ಪಕ್ಕದ ಕುರ್ಚಿಯ ನಿವೃತ್ತ ಅಂಚೆಯವರು, ತಾಯೀ ನಮಗೂ ಸ್ವಲ್ಪ ಬಿಡಿ ಅಂದರು.

ಮೇಡಂ ಮೂರು ಕಂಪನಿಗಳ ಹೆಸರು ಬರೆದುಕೊಟ್ಟರು. ಬೇರೆಯವರಿಂದ ತಮ್ಮ ಕೆಲಸ ಪರೀಕ್ಷೆ ಮಾಡಿಸಿ ಆ ವರದಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಾರಾ ನೋಡಿ, ಬೇಡ ಅನ್ನಿಸಿದರೆ ನಮ್ಮ ಸಾಮಾನೆಲ್ಲ ತಗೊಂಡು ಹೊರಗೆ ಬರಬಹುದಾ ನೋಡಿ, ಜಾಹೀರಾತು ನಂಬಬೇಡಿ ಎಂದು ಹೇಳಿದರು. ಅದೆಲ್ಲ ನೋಡಿದೆ. ನನಗೆ ಮಾತ್ರ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಮೂರೂ ಕಂಪನಿಗೆ ಒಂದೇ ಪ್ರಶ್ನೆ ಬರೆದು ಕಳಿಸಿದೆ: ನನಗೆ ಮರೆವು ಜಾಸ್ತಿ, ನಾನು ದೊಡ್ಡ ಪಾಸ್‌ವರ್ಡು ಮರೆತರೆ ನೀವು ನನ್ನ ಪೆಟ್ಟಿಗೆ ತೆಗೆದುಕೊಡುತ್ತೀರಾ?

ಮೊದಲನೆಯವರು ಚಿಂತೆ ಬೇಡ, ನಾವಿದ್ದೇವೆ, ನಿಮ್ಮ ಗುರುತು ತೋರಿಸಿದರೆ ಎಲ್ಲ ತೆಗೆದುಕೊಡುತ್ತೇವೆ ಎಂದು ಬೆಣ್ಣೆ ಸವರಿದ ಹಾಗೆ ಬರೆದರು. ಎರಡನೆಯವರು ಒಂಬತ್ತು ದಿನ ಬಿಟ್ಟು, ನಿಮ್ಮ ಪ್ರಶ್ನೆ ನಮಗೆ ಮುಖ್ಯ ಎಂದಷ್ಟೇ ಬರೆದರು. ಮೂರನೆಯವರ ಉತ್ತರ ಎರಡು ಸಾಲು. ಕ್ಷಮಿಸಿ, ನಮ್ಮಿಂದ ಆಗುವುದಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿ ಏನಿದೆಯೆಂದು ನಾವು ನೋಡುವುದಿಲ್ಲ ಎಂದಲ್ಲ, ನೋಡಲಾರೆವು.

ಆ ಸಾಲನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ. ಅವರು ಒಳ್ಳೇದಾಯ್ತು ಅಂದರು. ಲಿಫ್ಟಿನ ಬ್ರೇಕೂ ಹಾಗೇ ಇರೋದು, ಕರೆಂಟು ಇದ್ರೆ ಬಿಡುತ್ತೆ, ಹೋದ್ರೆ ಹಿಡ್ಕೊಳ್ಳುತ್ತೆ, ಅಲ್ಲಿ ಯಾರ ಒಳ್ಳೇತನಾನೂ ನಂಬಬೇಕಾಗಿಲ್ಲ ಅಂದರು. ನಾನು ಮೂರನೆಯವರನ್ನೇ ಆರಿಸಿಕೊಂಡೆ. ದೊಡ್ಡ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ. ಹೇಳುವುದಿಲ್ಲ. ಒಂದು ವಾರ ಗುಂಡಿ ಹೊಲಿಯುತ್ತಾ ಹೊಲಿಯುತ್ತಾ ಮನಸ್ಸಿನಲ್ಲೇ ಜಪ ಮಾಡಿದೆ. ಒಂದು ದಿನ ಬಾಯಿಂದ ಜೋರಾಗಿ ಬಂದುಬಿಟ್ಟು, ಇಸ್ತ್ರಿಯಣ್ಣ ಏನಕ್ಕಾ ಅದು ಅಂದ. ಮನೆಗೆ ಹೋಗಿ ಬದಲಾಯಿಸಿದೆ.

ನಿಮ್ಮಪ್ಪನಿಗೂ ಒಂದು ಪೆಟ್ಟಿಗೆ ತೆಗೆಸಿದೆ. ಒಂದೇ ಕುಟುಂಬದ ಲೆಕ್ಕವಾದರೂ ಒಬ್ಬೊಬ್ಬರದೂ ಬೇರೆ ಬೇರೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ ಎಂದು ಮೇಡಂ ಹೇಳಿದ್ದರು. ನಿಜವೋ ಸುಳ್ಳೋ ಪರೀಕ್ಷೆ ಮಾಡಬೇಡವೇ? ಅವರು ಕೆಲಸಕ್ಕೆ ಹೋದಾಗ ನನ್ನ ಕಡೆಯಿಂದ ಇಣುಕಲು ಮೂರು ಸಲ ಪ್ರಯತ್ನಪಟ್ಟೆ. ಆಗಲಿಲ್ಲ. ನನಗೆ ಸಮಾಧಾನವೂ ಆಯಿತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಆರು ಸಲ ಎದ್ದು ಕೂತಿದ್ದೇನೆ. ಎರಡು ಸಲ ಟೀ ಕುಡಿದೆ, ಒಂದು ಸಲ ಇಲ್ಲದ ಗಿರಾಕಿಗಾಗಿ ಬಾಗಿಲು ತೆರೆದು ನೋಡಿದೆ, ದಾರದ ಉಂಡೆಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸಿದೆ. ಹೇಳಬೇಕಾದದ್ದನ್ನು ಬಿಟ್ಟು ಊರಿನ ಮಾತೆಲ್ಲ ಹೇಳುತ್ತಿದ್ದೇನೆ. ಸರಿ, ಬಂದೆ.

ಈ ಮ್ಯಾನೇಜರನ್ನು ಮೊದಲ ಸಲ ಕಂಪ್ಯೂಟರಿಗೆ ಹಾಕಿದಾಗ, ನಿಮ್ಮ ಬ್ರೌಸರಿನಲ್ಲಿ ಇಷ್ಟು ದಿನ ಉಳಿಸಿಟ್ಟ ಪಾಸ್‌ವರ್ಡುಗಳನ್ನೆಲ್ಲ ಇಲ್ಲಿಗೆ ತಂದುಬಿಡಲೇ ಎಂದು ಅದು ಕೇಳುತ್ತದೆ. ನಾನು ಹ್ಞೂಂ ಅಂದೆ. ಒಂದು ಕ್ಷಣದಲ್ಲಿ ಅರವತ್ತಮೂರು ಬಂದವು. ಹಳೆಯ ಮನೆಯ ಗ್ಯಾಸಿನವರದು, ನಿಂತುಹೋದ ದಾರದ ಕಂಪನಿಯದು, ನೀನು ಶಾಲೆಯಲ್ಲಿದ್ದಾಗ ಮಾಡಿಸಿದ ಈಜುಕೊಳದ್ದು. ಒಂದೊಂದನ್ನೇ ನೋಡಿ ಬೇಡವಾದದ್ದು ಅಳಿಸುತ್ತಾ ಹೋದೆ. ಅದರಲ್ಲಿ ನನ್ನದಲ್ಲದ್ದು ಒಂದಿತ್ತು. ಬಾಡಿಗೆ ಮನೆ ಹುಡುಕುವವರ ಜಾಲತಾಣದ್ದು. ನಾನು ಎಂದೂ ಕಾಣದ ಒಂದು ಇಮೇಲ್ ವಿಳಾಸ. ಉಳಿಸಿದ ತಾರೀಕು ಪಕ್ಕದಲ್ಲೇ ಇತ್ತು: ನವೆಂಬರಿನಲ್ಲಿ ನೀನು ಇಲ್ಲಿದ್ದ ಹನ್ನೆರಡು ದಿನಗಳಲ್ಲಿ ಐದನೆಯ ದಿನ.

ಮನೆಗೆ ಬಣ್ಣ ಹೊಡೆಸ್ತಿದಾರೆ, ವಾಸನೆ ತಡೆಯೋಕಾಗಲ್ಲ, ಅದಕ್ಕೆ ಬಂದೆ ಅಂದಿದ್ದೆಯಲ್ಲ ಗುಬ್ಬಿ. ಆವತ್ತು ಕಂಪ್ಯೂಟರು ಉಳಿಸಲೇ ಎಂದು ಕೇಳಿದ್ದಕ್ಕೆ ಅವಸರದಲ್ಲಿ ಸರಿ ಎಂದು ಒತ್ತಿರುತ್ತೀಯ. ಎಲ್ಲರೂ ಒತ್ತುತ್ತಾರೆ.

ಪಾಸ್‌ವರ್ಡ್ ಚುಕ್ಕಿ ಚುಕ್ಕಿಯಾಗಿತ್ತು. ಪಕ್ಕದಲ್ಲಿ ಒಂದು ಕಣ್ಣಿನ ಚಿತ್ರ, ಅದನ್ನು ಒತ್ತಿದರೆ ಕಾಣುತ್ತದೆ. ನಾನು ಒತ್ತಲಿಲ್ಲ. ಆ ಜಾಲತಾಣವನ್ನೂ ತೆರೆಯಲಿಲ್ಲ. ಆ ಸಾಲನ್ನು ಅಳಿಸಿದೆ, ಕಸದ ಬುಟ್ಟಿಯಿಂದಲೂ ಅಳಿಸಿದೆ, ಬ್ರೌಸರಿನಿಂದಲೂ ತೆಗೆದೆ. ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಗಿರಾಕಿ ಬಂದರು, ಕೋಟಿನ ಜಿಪ್ಪು ಕಿತ್ತುಹೋಗಿದೆಯಂತೆ. ನಾಳೆ ಮುಂದುವರಿಸುತ್ತೇನೆ.

ಗುರುವಾರ, ಬೆಳಗ್ಗೆ ಹತ್ತು ಗಂಟೆ

ಅಂಗಡಿಯ ನಿಯಮ ನಿನಗೆ ನೆನಪಿರಬೇಕು. ರಿಪೇರಿಗೆ ಬಂದ ಬಟ್ಟೆಯ ಜೇಬಿನಲ್ಲಿ ಏನೇ ಸಿಗಲಿ, ಕಾಗದವಿರಲಿ, ಚೀಟಿಯಿರಲಿ, ಮಡಿಕೆ ಬಿಚ್ಚದೆ ಕವರಿಗೆ ಹಾಕಿ, ಪಿನ್ ಹೊಡೆದು, ಬಟ್ಟೆಯ ಜೊತೆಗೇ ಕೊಡಬೇಕು. ಇಪ್ಪತ್ತೆರಡು ವರ್ಷ ಆ ನಿಯಮ ಮುರಿದಿಲ್ಲ. ನೀನು ಚಿಕ್ಕವಳಿದ್ದಾಗ ಆ ಕವರುಗಳಿಗೆ ಪಿನ್ ಹೊಡೆಯುವ ಕೆಲಸ ನಿನ್ನದೇ ಆಗಿತ್ತು.

ಆದರೆ ಮನೆಯಲ್ಲಿ ನಾನು ಏನು ಮಾಡಿದೆ? ನಿನ್ನ ಮೊದಲ ಇಮೇಲ್ ತೆಗೆದುಕೊಟ್ಟವಳು ನಾನೇ, ಅದಕ್ಕೂ ಹೊಲಿಗೆ ಯಂತ್ರದ ನಂಬರೇ ಇಟ್ಟವಳೂ ನಾನೇ. ನೀನು ಅದನ್ನು ಬದಲಾಯಿಸಲಿಲ್ಲ. ಅಮ್ಮ ನೋಡುತ್ತಾಳೆ ಎಂಬ ಯೋಚನೆಯೇ ನಿನಗೆ ಬಂದಿರಲಿಲ್ಲ. ಹದಿನಾಲ್ಕು ತಿಂಗಳು ಓದಿದೆ ಗುಬ್ಬಿ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ. ಮಗಳು ದಾರಿ ತಪ್ಪದಿರಲಿ ಅಂತ ನೋಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದೆಲ್ಲ ನೆಪ. ನೀನು ನನಗೆ ಹೇಳದೆ ಬೇರೆಯವರಿಗೆ ಹೇಳುವುದು ನನಗೂ ಬೇಕಿತ್ತು, ಅಷ್ಟೇ.

ಒಂದು ದಿನ ನೀನು ನಿನ್ನ ಗೆಳತಿಗೆ ಬರೆದಿದ್ದೆ. ಪೋಷಕರ ಸಭೆಗೆ ನಮ್ಮಮ್ಮ ಬಂದ್ರೆ ನನಗೆ ನಾಚಿಕೆಯಾಗುತ್ತೆ ಕಣೆ, ಅವಳ ದನಿ ಇಡೀ ಹಾಲಿಗೆ ಕೇಳುತ್ತೆ ಅಂತ. ಅದು ನನಗೆ ಚುಚ್ಚಿತು. ಮುಂದಿನ ಸಭೆಗೆ ಹೊರಡುವಾಗ, ಹೆದರಬೇಡ, ನನ್ನ ದನಿ ಇವತ್ತು ಯಾರಿಗೂ ಕೇಳಲ್ಲ ಬಿಡು ಅಂದುಬಿಟ್ಟೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ನೀನು ಒಂದು ಕಾಲಿಗೆ ಶೂ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ನನ್ನನ್ನು ನೋಡಿದೆ. ಗಿರಾಕಿಗಳ ಜೇಬಿಗಿರೋ ಮರ್ಯಾದೆ ನನಗಿಲ್ವಾ ಅಮ್ಮ ಅಂದೆ. ನಾನು ಕ್ಷಮೆ ಕೇಳಲಿಲ್ಲ. ನಿನ್ನ ಒಳ್ಳೇದಕ್ಕೇ ಅಂತ ಜೋರು ಮಾಡಿದೆ. ಆವತ್ತಿನಿಂದ ನೀನು ನನಗೆ ಹವಾಮಾನ ಮಾತ್ರ ಹೇಳುತ್ತಿದ್ದೀಯ. ಈಗ ಕ್ಷಮೆ ಕೇಳುತ್ತಿದ್ದೇನೆ. ಹನ್ನೊಂದು ವರ್ಷ ತಡವಾಯಿತು, ಆದರೂ ಕೇಳುತ್ತಿದ್ದೇನೆ. ನಾನು ಮಾಡಿದ್ದು ತಪ್ಪು.

ಇನ್ನೊಂದು ಮಾತು ಎರಡು ವಾರದಿಂದ ನನ್ನನ್ನು ಕೂರಲೂ ಬಿಡುತ್ತಿಲ್ಲ, ನಿಲ್ಲಲೂ ಬಿಡುತ್ತಿಲ್ಲ. ನಿನ್ನ ಮದುವೆಯಾದ ಹೊಸದರಲ್ಲಿ ನೀನೇ ಹೇಳಿದ್ದೆ, ನಮ್ಮಿಬ್ಬರಲ್ಲಿ ಮುಚ್ಚುಮರೆ ಇಲ್ಲ ಅಮ್ಮ, ಅವರಿಗೆ ನನ್ನ ಎಲ್ಲಾ ಪಾಸ್‌ವರ್ಡೂ ಗೊತ್ತು ಅಂತ. ನಾನಾಗ ಎಂಥ ಒಳ್ಳೆಯ ಜೋಡಿ ಎಂದುಕೊಂಡೆ. ನನಗೆ ಕೊಡದ್ದನ್ನು ಅವರಿಗೆ ಕೊಟ್ಟಳಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟೆ. ಅವರ ಪಾಸ್‌ವರ್ಡು ನಿನಗೆ ಗೊತ್ತಾ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ನವೆಂಬರಿನಲ್ಲಿ ನೀನು ಫೋನನ್ನು ಬೆನ್ನು ಮೇಲಾಗಿ ಮೇಜಿನ ಮೇಲೆ ಇಡುತ್ತಿದ್ದೆ. ಅಳಿಯಂದಿರ ಕರೆ ಬಂದರೆ ಎರಡನೆಯ ರಿಂಗಿಗೇ ಎತ್ತುತ್ತಿದ್ದೆ. ಒಂದು ದಿನ ನಾವಿಬ್ಬರೂ ಟೀ ಕುಡಿಯುತ್ತಾ ಕೂತಿದ್ದಾಗ ಅವರು ಫೋನಿನಲ್ಲಿ, ನನಗೂ ಕೇಳಿಸುವಷ್ಟು ಜೋರಾಗಿ, ಬೆಳಗ್ಗೆ ನಿನ್ನ ಗೆಳತಿ ನಿನಗೆ ಬರೆದಿದ್ದ ಮಾತನ್ನೇ ಹಿಡಿದು ಏನೋ ಕೇಳಿದರು. ನೀನು ಅದನ್ನು ಅವರಿಗೆ ಹೇಳಿರಲಿಲ್ಲ ಎಂದು ನಿನ್ನ ಮುಖದಲ್ಲೇ ಗೊತ್ತಾಯಿತು. ಶೂ ಕೈಯಲ್ಲಿ ಹಿಡಿದು ನಿಂತಿದ್ದ ಹುಡುಗಿಯ ಮುಖವೇ ಅದು. ನಾನು ನೋಡಿದೆ, ನೋಡಿಯೂ ಬಿಸ್ಕತ್ತು ಬೇಕಾ ಎಂದು ಕೇಳಿದೆ.

ಮನೆ ಹುಡುಕಲು ನಿನ್ನ ಫೋನು ಬಿಟ್ಟು ನನ್ನ ಹಳೆಯ ಕಂಪ್ಯೂಟರಿಗೆ ಯಾಕೆ ಬಂದೆ, ಹೊಸ ಇಮೇಲ್ ಯಾಕೆ ಮಾಡಿಕೊಂಡೆ ಎಂದು ಈಗ ಅರ್ಥವಾಗಿದೆ. ನಿನ್ನ ಜೀವಕ್ಕೆ ಭಯವಿದೆಯೋ, ಬರೀ ಉಸಿರು ಕಟ್ಟುತ್ತಿದೆಯೋ ನನಗೆ ಗೊತ್ತಿಲ್ಲ. ನೀನು ಹೇಳುವವರೆಗೆ ಊಹೆಯೂ ಮಾಡುವುದಿಲ್ಲ ಎಂದು ಬರೆಯಬೇಕು ಅಂದುಕೊಂಡಿದ್ದೆ. ಅದು ನನ್ನಿಂದ ಆಗುವುದಿಲ್ಲ, ಇಡೀ ದಿನ ಊಹೆಯೇ ಮಾಡುತ್ತಿರುತ್ತೇನೆ. ಆದರೆ ಒಂದು ಮಾತ್ರ ಗೊತ್ತು. ಪ್ರೀತಿಸುವವರು ಇಣುಕಿ ನೋಡುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು ಎಂದು ನಿನಗೆ ಮೊದಲು ಕಲಿಸಿಕೊಟ್ಟವಳು ನಾನು. ಆ ಪಾಠ ನನ್ನ ಮನೆಯಲ್ಲೇ ಆಗದಿದ್ದರೆ, ಆತ ನಿನ್ನ ಫೋನು ಕೇಳಿದ ಮೊದಲ ದಿನವೇ ನೀನು ಯಾಕೆ ಎಂದು ಕೇಳುತ್ತಿದ್ದೆಯೋ ಏನೋ. ಇದನ್ನು ಬರೆಯುವಾಗ ಅಳು ಬರುತ್ತಿದೆ. ಇಸ್ತ್ರಿಯಣ್ಣ ನೋಡುತ್ತಾನೆಂದು ಸೂಜಿ ಚುಚ್ಚಿತು ಅಂದಿದ್ದೇನೆ.

ಈಗ ಕೆಲಸದ ಮಾತು. ಹೋದ ವಾರದ ಆಹ್ವಾನ ಬಿಟ್ಟುಬಿಡು. ಅಳಿಯಂದಿರು ನೋಡಿದ್ದರೂ ಅದರಲ್ಲಿ ನಿನ್ನಮ್ಮನ ಹುಚ್ಚು ಬಿಟ್ಟರೆ ಬೇರೇನೂ ಇಲ್ಲ. ಲೈಬ್ರರಿಯ ಮೇಡಂಗೆ ಹೆಸರು ಹೇಳದೆ, ಗಿರಾಕಿಯೊಬ್ಬರ ಮಗಳು ಎಂದು ಹೇಳಿ ಎಲ್ಲ ಕೇಳಿಕೊಂಡು ಬಂದಿದ್ದೇನೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಆ ಗಿರಾಕಿಗೆ ಹೇಳಿ, ಅವಸರ ಮಾಡಬಾರದು ಅಂತ ಅಂದರು. ಪೆಟ್ಟಿಗೆ ತೆರೆಯುವುದಾದರೆ ಅಳಿಯಂದಿರ ಕೈಗೆ ಸಿಗುವ ಫೋನಿನಲ್ಲಿ ತೆರೆಯಬೇಡ. ಹಳೆಯ ಪಾಸ್‌ವರ್ಡುಗಳನ್ನೆಲ್ಲ ಒಂದೇ ದಿನ ಬದಲಾಯಿಸಿದರೆ ಗೊತ್ತಾಗುತ್ತದೆ, ಅದನ್ನು ಹೊರಟ ಮೇಲೆ ಮಾಡಬೇಕಂತೆ. ಮೊದಲು ಬೇಕಾದದ್ದು ಅವರಿಗೆ ಗೊತ್ತಿಲ್ಲದ ಒಂದು ಇಮೇಲ್, ಅವರು ಮುಟ್ಟದ ಒಂದು ಯಂತ್ರ. ಅದನ್ನು ನೀನು ಆಗಲೇ ಮಾಡಿಕೊಂಡಿದ್ದೀಯ, ನನಗಿಂತ ಜಾಣೆ. ಆ ಜಾಲತಾಣದ ಪಾಸ್‌ವರ್ಡ್ ಮಾತ್ರ ಈ ಕಾಗದ ಓದಿದ ಕೂಡಲೇ ಬದಲಾಯಿಸು, ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಅದು. ಹೊಸ ಆಹ್ವಾನ ಕಳಿಸಬೇಕಾದರೆ ನಿಮ್ಮ ಅಂಗಡಿಯ ಫೋನಿನಿಂದ ನನ್ನ ಅಂಗಡಿಗೆ ಕರೆ ಮಾಡು. ವಿಳಾಸವಷ್ಟೇ ಹೇಳು, ಬೇರೇನೂ ಕೇಳುವುದಿಲ್ಲ.

ತುರ್ತು ವ್ಯಕ್ತಿ ಯಾರು ಎಂದು ಈ ಮ್ಯಾನೇಜರು ಕೇಳುತ್ತದೆ. ಅಂದರೆ, ತೆರೆಯಿರಿ ಎಂದು ಕೇಳಿಕೆ ಬಂದು ಏಳು ದಿನ ನಾವು ಬೇಡ ಎನ್ನದಿದ್ದರೆ ನಮ್ಮ ಪೆಟ್ಟಿಗೆ ಯಾರಿಗೆ ತೆರೆದುಕೊಳ್ಳಬೇಕು ಎಂದು. ನನ್ನದಕ್ಕೆ ನಿನ್ನ ಹೆಸರು ಹಾಕಿದ್ದೇನೆ. ನಿನಗೆ ಏನೂ ಮುಚ್ಚಿಡುವುದಿಲ್ಲ ಎಂಬ ದೊಡ್ಡ ಮಾತಿಗಲ್ಲ, ನಿಮ್ಮಪ್ಪನ ಕೈಗೆ ಕೊಟ್ಟರೆ ಮತ್ತೆ ಕಪಾಟಿನ ಬಾಗಿಲ ಮೇಲೆ ಬರೆದುಬಿಡುತ್ತಾರೆ ಅಂತ. ನಿನ್ನದಕ್ಕೆ ನನ್ನ ಹೆಸರು ಹಾಕಬೇಡ. ಗೆಳತಿಯದು ಹಾಕು, ಅಥವಾ ಖಾಲಿ ಬಿಡು.

ನಿನ್ನ ಕೋಣೆ ಹಾಗೇ ಇದೆ. ಮಂಚದ ಮೇಲೆ ಗಿರಾಕಿಗಳ ಪರದೆ ಹೇರಿಟ್ಟಿದ್ದೇನೆ, ಅರ್ಧ ಗಂಟೆಯಲ್ಲಿ ತೆಗೆಯಬಹುದು. ಯಾವ ದಿನ ಬಂದರೂ, ಎಷ್ಟು ದಿನವಿದ್ದರೂ, ಏನೂ ಹೇಳದೆ ಇದ್ದರೂ ಅದು ನಿನ್ನದು. ನಿಮ್ಮಪ್ಪನಿಗೆ ಇದೆಲ್ಲ ಹೇಳಿಲ್ಲ. ಹೇಳುವುದು ನಿನ್ನ ಇಷ್ಟ. ನನ್ನ ಬಾಯಿಗೆ ಮುಚ್ಚಿಕೊಂಡಿರುವಷ್ಟು ಶಕ್ತಿ ಇದೆಯೆಂದು ನನಗೇ ಈಗ ಗೊತ್ತಾಗುತ್ತಿದೆ.

ಓದಿ ಹರಿದುಹಾಕು. ಚಿಕ್ಕದಾಗಿ ಹರಿ.

ನಿನ್ನ ದಾರಿ ನೋಡುತ್ತಾ, ದನಿ ತಗ್ಗಿಸಲು ಕಲಿಯುತ್ತಿರುವ
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಆ ಜಾಲತಾಣ ತೆರೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅಳಿಸುವ ಮೊದಲು ಒಮ್ಮೆ ಒತ್ತಿದೆ, ಈ ಹಾಳಾದ ಮ್ಯಾನೇಜರು ಕೇಳದೆಯೇ ಎಲ್ಲ ತುಂಬಿ ನನ್ನನ್ನು ಒಳಗೆ ಕರೆದುಕೊಂಡು ಹೋಯಿತು. ತಪ್ಪನ್ನು ಅದರ ಮೇಲೆ ಹಾಕುವುದಿಲ್ಲ, ಒತ್ತಿದ್ದು ನಾನೇ. ನೀನು ಗುರುತು ಹಾಕಿಟ್ಟ ನಾಲ್ಕು ಮನೆ ನೋಡಿದೆ. ನಾಲ್ಕೂ ನಮ್ಮ ಊರಿನಲ್ಲೇ, ಸೇತುವೆಯ ಆಚೆ ಕಡೆ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ನಡಿಗೆ. ಎಷ್ಟು ಜನಕ್ಕೆ ಎಂಬಲ್ಲಿ ಒಬ್ಬರು ಎಂದಿತ್ತು. ಅಮ್ಮನ ಊರಿಗೆ ಬರುತ್ತಾಳೆ, ಅಮ್ಮನ ಮನೆಗೆ ಬರುವುದಿಲ್ಲ ಎಂದು ತಿಳಿದು ಒಂದು ಗಂಟೆ ಅತ್ತೆ. ಗೊತ್ತಿದ್ದೂ ಈ ಕಾಗದದಲ್ಲಿ ನಿನ್ನ ಕೋಣೆಯ ಆಸೆ ತೋರಿಸಿದೆ. ಆಮೇಲೆ ಸುಮ್ಮನಿರಲಾರದೆ, ಹೊಲಿಗೆಗೆ ಒಂದು ಜಾಗ ಬೇಕಿತ್ತು ಎಂದು ಸುಳ್ಳು ಹೇಳಿಕೊಂಡು ನಾಲ್ಕಕ್ಕೂ ಹೋಗಿಬಂದೆ. ಒಂದು ಆಗಲೇ ಹೋಗಿದೆ. ಬೇಕರಿಯ ಮೇಲಿನದರಲ್ಲಿ ಬೆಳಗಿನ ನಾಲ್ಕಕ್ಕೇ ಯಂತ್ರ ಶುರುವಾಗುತ್ತದೆ. ಹಸಿರು ಗೇಟಿನದರ ಬಚ್ಚಲ ಗೋಡೆ ಒಳಗೊಳಗೇ ಒದ್ದೆ, ಮೇಲೆ ಬಣ್ಣ ಬಳಿದಿದ್ದಾರೆ, ಉಗುರಿನಿಂದ ಒತ್ತಿ ನೋಡಿದೆ. ಅಂಚೆ ಕಚೇರಿಯ ಹಿಂದಿನದು ಒಳ್ಳೆಯದು. ಅಡುಗೆಮನೆಗೆ ಬಿಸಿಲು ಬರುತ್ತದೆ, ಮನೆಯ ಒಡತಿ ಸಂಗೀತದ ಟೀಚರು, ಹೆಚ್ಚು ಪ್ರಶ್ನೆ ಕೇಳುವ ಹೆಂಗಸಲ್ಲ. ಅದನ್ನು ಹಿಡಿ. ಹೋದ ದಿನವೇ ಬೀಗ ಬದಲಾಯಿಸು. ಒಂದು ಕೀ ಮನೆಯ ಒಡತಿಗೆ, ಒಂದು ನಿನಗೆ, ಮೂರನೆಯದು ಮಾಡಿಸಬೇಡ. ನಾನು ಬಂದು ಕೇಳುತ್ತೇನೆ, ನನ್ನನ್ನು ನಾನು ಬಲ್ಲೆ. ಅತ್ತುಕೊಂಡು ಕೇಳಿದರೂ ಕೊಡಬೇಡ.